ಬೀರೋಬನ ಮುಂದೆ ಎರಡು ವಿಮಾನ

ಕುರನೂರಿನ ಸ್ನೇಹಲ ಅವತ್ತು ಸಂಜೆಯೊಳಗೆ ಒಂದು ಉತ್ತರ ಕೊಡಬೇಕಿತ್ತು. ಅವಳನ್ನು ಪೈಲಟ್ ಆಗಿ ಆರಿಸಿಕೊಂಡ ಕಂಪನಿ ಕೇಳಿತ್ತು: ಯಾವುದರಿಂದ ಶುರು ಮಾಡುತ್ತೀರಿ? ದೊಡ್ಡ ಜೆಟ್ಟೋ, ರೆಕ್ಕೆಗಳಲ್ಲಿ ಪಂಖ ತಿರುಗುವ ಸಣ್ಣ ಎಟಿಆರೋ? ಒಂದನ್ನು ಹಿಡಿದರೆ ವರ್ಷಗಟ್ಟಲೆ ಅದೇ.

ಅಪ್ಪ ಅಮೋಗಸಿದ್ಧ ಕುರಿ ಕಾಯುವ ಮನುಷ್ಯ. ಬೋರಿ ನದಿಯ ದಂಡೆಯಲ್ಲಿ ಎದುರಾದವರಿಗೆಲ್ಲ, "ನಮ್ಮ ಪೋರಿ ದೊಡ್ಡ ಇಮಾನ ಹಾರಸ್ತಾಳ" ಎಂದು ಸಾರಿಬಿಟ್ಟಿದ್ದ. ಸೋಲಾಪುರ–ಅಕ್ಕಲಕೋಟ ಬಸ್ಸು ಓಡಿಸುವ ಸೋದರಮಾವ ಬೀರಣ್ಣ ಅಂಗಳದಲ್ಲಿ ಕೂತು, ಚಹಾ ಬಸಿಗೆ ಸುರಿದುಕೊಂಡು ನಕ್ಕ.

"ಪಂಖಾದ್ದ ಅಂದ್ರ ನಮ್ಮ ಎಸ್‌ಟಿ ಬಸ್ಸ ಆತಲ್ಲವಾ! ಕುಂಭಾರಿ, ವಳಸಂಗ, ಕೈ ಮಾಡಿದಲ್ಲೆಲ್ಲ ನಿಂದ್ರಸೋದು. ಬಾ, ನನ್ನ ಸೀಟ ಕೊಡ್ತೀನಿ."

"ನೀ ಮತ್ತ ಯಾಕ ಎಸ್‌ಟಿ ಬಿಟ್ಟು ದೊಡ್ಡ ಟ್ರಕ್ ಹಿಡೀಲಿಲ್ಲ ಮಾಮಾ?"

"ಟ್ರಕ್ಕಿನ್ಯಾಗ ಯಾರ ಕೂಡ ಮಾತಾಡ್ಲಿ?" ಎಂದ ಬೀರಣ್ಣ. ಅಂದ ಮೇಲೆ, ತಾನು ಯಾರ ಪರ ಮಾತಾಡಿದೆನೆಂದು ಹೊಳೆದು, ಬಸಿಯಲ್ಲಿ ಮುಖ ಮರೆಸಿಕೊಂಡ.

ಸ್ನೇಹಲಳ ಮನಸ್ಸು ಅಲ್ಲಿರಲಿಲ್ಲ. ಹೋದ ತಿಂಗಳು ಗೋವಾದಿಂದ ಸೋಲಾಪುರಕ್ಕೆ ಅವಳು ಅಂಥದೇ ಸಣ್ಣ ವಿಮಾನದಲ್ಲಿ ಬಂದಿದ್ದಳು. ಇಳಿಯುವ ಹೊತ್ತಿಗೆ ಕಿಟಕಿಯ ಕೆಳಗೆ ವಿಮಾನದ ನೆರಳು ಓಡುತ್ತಿತ್ತು. ಜೋಳದ ಹೊಲ ದಾಟಿ, ಬದು ಹತ್ತಿ, ಬಾವಿಯೊಳಗೊಮ್ಮೆ ಇಣುಕಿ, ಬೇವಿನ ಮರವನ್ನು ಸವರಿಕೊಂಡು, ಮತ್ತೆ ಹೊಲ. ಅಂದಿನಿಂದ ಕಣ್ಣು ಮುಚ್ಚಿದರೂ ಆ ನೆರಳು, ತೆರೆದರೂ ಅದೇ. ಜೆಟ್ಟಿನ ಆಕಾಶವೇ ಬೇರೆ. ಮೋಡಗಳೆಲ್ಲ ಕಾಲ ಕೆಳಗೆ, ಮೇಲೆ ಬರೀ ನೀಲಿ. ಅಲ್ಲಿ ಸಂಬಳ ಹೆಚ್ಚು, ಮುಂದಿನ ದಾರಿಯೂ ಅಗಲ. ಅದೂ ಸುಳ್ಳಲ್ಲ.

ದಾರಿ ತೋಚದಾಗ ಈ ಮನೆಯವರು ಕುರುಬರ ದೇವರು ಬೀರೋಬನಿಗೆ ಹೂ ಹಚ್ಚಿ ಕೇಳುತ್ತಾರೆ. ದೇವರ ಕಲ್ಲಿನ ಎರಡು ಬದಿಗೂ ಒದ್ದೆ ಹೂ ಅಂಟಿಸಿ ಪ್ರಶ್ನೆ ಇಡುವುದು. ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಮಧ್ಯಾಹ್ನ ಅಪ್ಪ, ಮಗಳು, ಅಜ್ಜಿ ತುಳಜಾಬಾಯಿ ಗುಡಿಗೆ ಹೋದರು. ಅಜ್ಜಿ ಹೂ ಹಚ್ಚಿ ಕೈ ತೆಗೆದಳೋ ಇಲ್ಲವೋ, ಅಪ್ಪನಿಗೆ ಅವಸರ.

"ನನ್ನ ಮಗಳು ದೊಡ್ಡ ಇಮಾನ ಹಿಡೀಲೇನೋ ತಂದಿ?"

ಭಂಡಾರದ ಅರಿಶಿನದ ಘಮ, ತಣ್ಣನೆಯ ಕತ್ತಲು. ಬಲದ ಹೂ ಮೆಲ್ಲಗೆ ಜಾರಿ ಬಿತ್ತು.

ಅಪ್ಪ ಭಂಡಾರ ತೂರಲು ಕೈ ಎತ್ತಿದ. ಅಜ್ಜಿ ಆ ಕೈ ಹಿಡಿದಳು.

"ತಡಿ. ಹಾರಸಾಕಿ ಯಾರು, ನೀ ಏನು? ದಾರಿ ಹಿಡಿಯೋರ ಬಾಯಿಂದ ಕೇಳಬೇಕು. ಇದು ನಡಿಯಂಗಿಲ್ಲ." ಮತ್ತೆ ಎರಡು ಹೂ ಹಚ್ಚಿದಳು. "ಕೇಳವ್ವಾ."

ಸ್ನೇಹಲ ಕೈ ಮುಗಿದು ನಿಂತಳು. ದೊಡ್ಡದು ಹಿಡಿಯಲೇನು ಎಂದು ಕೇಳುವ ಮೊದಲೇ, ಬಲದ ಹೂ ಬೀಳದಿರಲಿ ಎಂದು ಮನಸ್ಸು ಬೇಡುತ್ತಿತ್ತು.

"ನಾ ಕೇಳಂಗಿಲ್ಲ ಆಯಿ."

"ಯಾಕ?"

"ನನ್ನ ಮನಸ್ಸು ಆಗ್ಯದ. ಆದ ಮ್ಯಾಲ ಕೇಳಿದ್ರ ದೇವರನ್ನ ಚೇಷ್ಟಿ ಮಾಡಿದಂಗ ಅಂತ ನೀನ ಹೇಳ್ತಿದ್ದಿಯಲ್ಲ."

ತುಳಜಾಬಾಯಿ ಎರಡೂ ಹೂ ಬಿಡಿಸಿ ದೇವರ ಪಾದಕ್ಕಿಟ್ಟಳು.

ಅಪ್ಪ ಗುಡಿಯ ಮೆಟ್ಟಿಲ ಮೇಲೆ ಕೂತ. ಭಂಡಾರ ಇನ್ನೂ ಮುಷ್ಟಿಯಲ್ಲೇ ಇತ್ತು.

"ಪಂಖಾದ್ದ ಏನು?"

"ಹೂಂ ಅಪ್ಪಾ."

"ಮಂದಿಗಿ ಏನಂತ ಹೇಳ್ಲಿ?"

"ಸಣ್ಣದು ಅಂತ ಹೇಳು. ಸೋಲಾಪುರದಾಗ ಇಳೀತದ ಅಂತ ಹೇಳು."

ಅಪ್ಪ ಎದ್ದು, ಮುಷ್ಟಿ ಬಿಚ್ಚಿ, ಅವಳ ಹಣೆಗೆ ಒರಟಾಗಿ ಭಂಡಾರ ಬಳಿದ. ಒಂದಿಷ್ಟು ಕಣ್ಣಿಗೂ ಬಿತ್ತು. ಉರಿಯುವ ಕಣ್ಣಲ್ಲೇ ಅವಳು ಫೋನ್ ತೆಗೆದು ಉತ್ತರ ಕಳಿಸಿದಳು.

ತಲೆ ಎತ್ತುವಷ್ಟರಲ್ಲಿ ಅಪ್ಪ ಕುರಿಗಳ ಕಡೆ ನಡೆದಾಗಿತ್ತು. ಸ್ವಲ್ಪ ದೂರ ಹೋದವನು ನಿಂತ. ತಿರುಗಿ ನೋಡದೆಯೇ ಕೂಗಿದ:

"ಬರ್ತೀಯೋ ಇಲ್ಲೋ? ಸೋಲಾಪುರದಾಗ ಇಳೀತದ ಅಂತ ಮಂದಿಗಿ ಇಬ್ರೂ ಕೂಡಿ ಹೇಳೂಣು."