ಆರು ಅಂಕಿ ಹೇಳಿಬಿಟ್ಟ ಸರ್

ಚಿಕ್ಕೋಡಿಯ ಕಾಲೇಜಿನಲ್ಲಿ ನಮಗೆ ಡಿಜಿಟಲ್ ಕೌಶಲ ಕಲಿಸಿದವರು ಇತಿಹಾಸದ ಸರ್. ಬೇರೆ ಯಾರೂ ಒಪ್ಪದ್ದರಿಂದ ಆ ವಿಷಯ ಅವರ ಕೊರಳಿಗೆ ಬಿದ್ದಿತ್ತು. ಕಂಪ್ಯೂಟರಿನಿಂದ ಒಂದು ಮಾರು ದೂರ ನಿಂತು, ಸೀಮೆಸುಣ್ಣದಿಂದ ಪರದೆ ತೋರಿಸುತ್ತ, ಮೌಸ್ ಒತ್ತುವುದನ್ನೂ "ಬರ್ಕೋರಿ" ಎಂದು ಬರೆಸುತ್ತಿದ್ದರು. ಇಡೀ ನೋಟ್‌ಬುಕ್ ತುಂಬಿತು. ನಾವು ಮೌಸ್ ಮುಟ್ಟಿದ್ದು ಎರಡೇ ಸಲ.

ಓಟಿಪಿ ಯಾರಿಗೂ ಹೇಳಬಾರದೆಂದು ಅವರು ಬರೆಸಿದ ವಾರವೇ ಕಾಲೇಜಿನ ಎಲ್ಲರಿಗೂ ಅವರ ವಾಟ್ಸಾಪಿನಿಂದ "ಹಾಯ್ ಡಿಯರ್" ಎಂದು ಸಂದೇಶ ಬಂತು. ಪ್ರಿನ್ಸಿಪಾಲರಿಗೂ ಬಂತು. ಸರ್ ಅವರ ಖಾತೆಯನ್ನೇ ಯಾರೋ ಕಳ್ಳ ಹಾರಿಸಿದ್ದ. ಇನ್ನು ಒಂದು ವಾರ ಅವರು ಮುಖ ತೋರಿಸುವುದಿಲ್ಲವೆಂದು ನಾವು ಪಣ ಕಟ್ಟಿದೆವು.

ಮರುದಿನ ಅವರು ಐದು ನಿಮಿಷ ಮೊದಲೇ ಬಂದರು. ಕಿವಿ ಕೆಂಪಗಾಗಿದ್ದವು. ನಮ್ಮ ಕಿಸಿಕಿಸಿಯ ನಡುವೆಯೇ "ನಾ ಹೆಂಗ ಮೋಸ ಹೋದ್ನಿ, ಬರ್ಕೋರಿ" ಎಂದು ಬೋರ್ಡಿನತ್ತ ತಿರುಗಿದರು. ಉತ್ತಮ ಡಿಜಿಟಲ್ ಶಿಕ್ಷಕ ಪ್ರಶಸ್ತಿ ಬಂದಿದೆಯೆಂದು ಒಬ್ಬ ಫೋನ್ ಮಾಡಿದ್ದ. ಹೆಸರು ನೋಂದಾಯಿಸಲು ಫೋನಿಗೆ ಬಂದ ಆರು ಅಂಕಿ ಕೇಳಿದ್ದ. ಇವರು ಹೇಳಿಬಿಟ್ಟಿದ್ದರು. ಇಷ್ಟನ್ನೂ ಮುಚ್ಚಿಡದೆ ಬರೆದರು. ಅಷ್ಟರಲ್ಲಿ ನಮಗೆ ನಗುವುದು ಮರೆತುಹೋಗಿತ್ತು.

"ಇದರಾಗ ಮೊದಲನೇ ತಪ್ಪ ಯಾವ್ದು?" ಎಂದು ಕೇಳಿದರು.

"ನಂಬರ್ ಹೇಳಿದ್ದು ರೀ ಸರ್" ಎಂದಳು ಬೇಡಕಿಹಾಳದ ಹುಡುಗಿ.

"ಅಲ್ಲ ತಂಗಿ. ಅದಕ್ಕಿಂತ ಮೊದಲ ಅಂವಾ, ನಿಮ್ಮಷ್ಟು ಶಾಣ್ಯಾ ಮಾಸ್ತರ ಈ ಜಿಲ್ಲಾದಾಗ ಇಲ್ರಿ ಅಂದಾ. ನಾ ಹೌದ್ರಿ ಅಂದ್ನಿ."