ಕೊಡೆ ವಾಲಿದ ಕಡೆ

ನಾನು ಮಳೆಯನ್ನು ಕಿಟಕಿಯ ಈಚೆಯಿಂದ ಮಾತ್ರ ಪ್ರೀತಿಸುವವನು. ತಲೆಗೆ ನಾಲ್ಕು ಹನಿ ಬಿದ್ದರೆ ಮೂರು ದಿನ ಸೀನು. ಅಂಥವನಿಗೆ ಜಪಾನಿನ ಮರದಚ್ಚಿನ ಚಿತ್ರಗಳು ಹೇಳಿ ಮಾಡಿಸಿದ ಹಾಗಿವೆ. ಹೊಳೆ, ಸೇತುವೆ, ಹುಲ್ಲಿನ ಟೋಪಿ ಹಾಕಿಕೊಂಡು ಓಡುವ ಜನ, ಎಲ್ಲರ ಮೇಲೂ ಗೆರೆ ಎಳೆದಂತೆ ಮಳೆ. ಎಷ್ಟು ಹೊತ್ತು ನೋಡಿದರೂ ನೆಗಡಿಯಾಗುವುದಿಲ್ಲ.

ನೋಡಿಕೊಂಡು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಿವೃತ್ತನಾದ ಹುಮ್ಮಸ್ಸಿನಲ್ಲಿ ಚಾಮರಾಜಪೇಟೆಯ ಒಂದು ಭಾನುವಾರದ ತರಗತಿಗೆ ಮರದಚ್ಚು ಕಲಿಯಲು ಸೇರಿಬಿಟ್ಟೆ.

"ಸರ್, ಮಳೆ ಕೆತ್ಬೇಡಿ. ಮಳೆ ಅಲ್ಲದ್ದನ್ನೆಲ್ಲ ಕೆತ್ತಿ ತೆಗೀರಿ, ಉಳಿಯೋದೇ ಮಳೆ" ಎಂದಳು ಕಲಿಸುವ ಹುಡುಗಿ. ಕಾಲೇಜಿನಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಹೇಳಿದ ನನ್ನ ಬಾಯಲ್ಲಿ ಇಂಥ ಒಂದು ವಾಕ್ಯವೂ ಬಂದಿರಲಿಲ್ಲ. "ಇನ್ನೊಂದು ಸರ್, ಹಲಗೇಲಿ ಎಲ್ಲಾ ಉಲ್ಟಾ ಇರ್ಬೇಕು. ಅಚ್ಚಲ್ಲಿ ಎಡ ಬಲ ಆಗುತ್ತೆ."

ಹೆಂಡತಿ ವಸುಧಾಳ ಅರವತ್ತನೆಯ ಹುಟ್ಟುಹಬ್ಬಕ್ಕೆ ಕೊಡಲೆಂದು ನಮ್ಮದೇ ಒಂದು ಸಂಜೆಯನ್ನು ಆರಿಸಿಕೊಂಡೆ. ಮದುವೆಯಾದ ಹೊಸತು, ಗಾಂಧಿಬಜಾರು, ಜೋರು ಮಳೆ, ಇಬ್ಬರಿಗೂ ಒಂದೇ ಕೊಡೆ. ಕೊಡೆಯನ್ನು ಅವಳ ಕಡೆ ವಾಲಿಸಿ, ನಾನು ತೊಪ್ಪೆಯಾಗಿ ಮನೆ ಸೇರಿದ ಈ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಲೇ ಬಂದಿದ್ದೇನೆ.

ಬಣ್ಣಕ್ಕೊಂದು ಹಲಗೆ ಬೇಕು. ಕಪ್ಪಿನದರಲ್ಲಿ ನಾವಿಬ್ಬರು, ಅಂಗಡಿಗಳು, ಮಳೆ. ನೀಲಿಯದರಲ್ಲಿ ಕೊಡೆ ಮಾತ್ರ. ಎರಡು ತಿಂಗಳು ಹಿಡಿಯಿತು, ಎರಡು ಬೆರಳಿಗೆ ಪಟ್ಟಿ ಬಿತ್ತು. ಊಟದ ಮೇಜಿನ ಮೇಲೆ ಅಚ್ಚು ಹಾಕಿದೆ. ಕಪ್ಪು ಸೊಗಸಾಗಿ ಮೂಡಿತು. ನೀಲಿ ಒತ್ತಿ ಕಾಗದ ಎತ್ತಿದರೆ, ಕೊಡೆ ಪೂರ್ತಿ ನನ್ನ ತಲೆಯ ಮೇಲೆ! ವಸುಧಾ ಬಯಲಲ್ಲಿ!

ಮುಚ್ಚಿಡುವಷ್ಟರಲ್ಲಿ ಅವಳೇ ಕಾಫಿ ಹಿಡಿದು ಬಂದಳು.

"ಏನ್ರೀ ಅದು?"

"ತಪ್ಪಾಗಿದೆ ಕಣೆ. ಕೊಡೆ ಹಲಗೆ ಉಲ್ಟಾ ಕೆತ್ತೋದು ಮರ್ತೆ. ಬೇರೆ ಮಾಡ್ತೀನಿ."

ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ತಪ್ಪೆಲ್ಲಿದೆ? ಅವತ್ತು ಹೀಗೇ ಹಿಡ್ದಿದ್ರಿ. ನನ್ನ ಹೊಸ ಸೀರೆ ಬಣ್ಣ ಬಿಟ್ಕೊಂಡು ಹೋಯ್ತು. ನಿಮ್ಮ ಷರ್ಟಿನ ಇಸ್ತ್ರೀನೂ ಮುರಿದಿರ್ಲಿಲ್ಲ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲೇ!"

"ಅಷ್ಟು ಖುಷಿಯಾಗಿ ಹೇಳ್ತಿದ್ರಿ. ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ."

ಬೇರೆ ಅಚ್ಚು ಹಾಕಲು ಅವಳು ಬಿಡಲೇ ಇಲ್ಲ. ಕಟ್ಟು ಹಾಕಿಸಿ, ಬಾಗಿಲು ತೆರೆದರೆ ಎದುರಿಗೇ ಕಾಣುವ ಗೋಡೆಗೆ ತಾನೇ ತೂಗುಹಾಕಿದಳು. ಈಗ ಬಂದವರಿಗೆ ಗಾಂಧಿಬಜಾರಿನ ಕಥೆ ಹೇಳುವವಳು ಅವಳು. ನಾನು ಪಕ್ಕದಲ್ಲಿ ನಿಂತು ನೆನೆಯುತ್ತೇನೆ.