ಬೇವಿನೆಲೆ ಮತ್ತು ಎರಡು ಸೀಸೆ

ತಾತನ ಬಲಗೈ ಬೆರಳು ಯಾಕೆ ಮಡಚಲು ಬರುವುದಿಲ್ಲ ಎಂದು ಮೊಮ್ಮಕ್ಕಳು ನೀವು ಕೇಳಿದಾಗಲೆಲ್ಲ ಅವರು ನನ್ನತ್ತ ಕೈ ತೋರಿಸುತ್ತಿದ್ದರು. ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಎದುರಿಗೆ ಕೂತು ಹೇಳಲು ನನಗೆ ಬಾರದು. ಈಗ ಅವರಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಗ ನಿಮ್ಮಪ್ಪ ಇನ್ನೂ ಶಾಲೆಗೆ ಸೇರಿರಲಿಲ್ಲ. ಬಿ.ಜಿ. ಕೆರೆಯ ನಮ್ಮ ಹೊಲದಲ್ಲಿ ಕಿತ್ತ ಶೇಂಗಾ ಗಿಡಗಳನ್ನು ಗುಡ್ಡೆ ಹಾಕಿದ್ದೆವು. ಬೆಳಿಗ್ಗೆ ತಾತ ಒಂದು ಗುಡ್ಡೆಗೆ ಕೈ ಹಾಕಿದಾಗ ಬೆರಳಿಗೆ ಹಾವು ಕಚ್ಚಿತು. ಗೇಣುದ್ದದ ಮಂಡಲದ ಹಾವು.

ನಮ್ಮ ಕಡೆ ಹಾವು ಕಚ್ಚಿದವರಿಗೆ ಮೊದಲು ಬೇವಿನೆಲೆ ಅಗಿಯಲು ಕೊಡುತ್ತಿದ್ದರು. ಕಹಿ ಗೊತ್ತಾಗದಿದ್ದರೆ ವಿಷ ಏರಿದೆ, ಗೊತ್ತಾದರೆ ಭಯವಿಲ್ಲ ಎಂದು ನಂಬಿಕೆ. ನನ್ನ ಅತ್ತೆ ಒಂದು ಹಿಡಿ ಎಲೆ ತಂದು ಮಗನ ಬಾಯಿಗೆ ತುರುಕಿದರು.

"ಹೆಂಗೈತೆ?"

"ಕಹಿ ಐತೆ ಕಣವ್ವ. ನಿನ್ ಬಾಯಿಗಿಂತ ಒಂಚೂರು ಕಮ್ಮಿ."

"ಹಂಗಾದ್ರೆ ಏನೂ ಆಗಲ್ಲ ಬಿಡು."

ಆದರೆ ಊತ ಮುಂಗೈ ದಾಟಿತು. ಪಕ್ಕದ ಹೊಲದವರು ಟೆಂಪೊದಲ್ಲಿ ನಮ್ಮನ್ನು ಚಳ್ಳಕೆರೆಯ ಆಸ್ಪತ್ರೆಗೆ ತಂದು ಬಿಟ್ಟರು.

ಅಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ಡಾಕ್ಟರು ಹಾವು ಕಚ್ಚಿದವರ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಯಾವಾಗ ಕಚ್ಚಿತು, ಮನೆಯಲ್ಲಿ ಏನು ಮಾಡಿದಿರಿ, ಬೇವು ತಿಂದಿರಾ, ಎಲ್ಲ ಕೇಳಿದರು. ತಾತನ ರಕ್ತವನ್ನು ಚಿಕ್ಕ ಗಾಜಿನ ಸೀಸೆಯಲ್ಲಿ ಹಿಡಿದು ಕಿಟಕಿಯ ಕಟ್ಟೆಯ ಮೇಲೆ ಅಲುಗಾಡದಂತೆ ಇಟ್ಟರು. ಇಪ್ಪತ್ತು ನಿಮಿಷ ಬಿಟ್ಟು ಓರೆ ಮಾಡಿದಾಗ ರಕ್ತ ಹರಿಯಿತು.

"ಹೆಪ್ಪುಗಟ್ಟಿಲ್ಲ. ವಿಷ ರಕ್ತಕ್ಕೆ ಸೇರೈತೆ, ಇಂಜೆಕ್ಷನ್ ಕೊಡ್ಬೇಕು" ಎಂದರು. ಆಮೇಲೆ, ಇವರನ್ನೂ ಸಂಶೋಧನೆಗೆ ಸೇರಿಸಿಕೊಳ್ಳಬಹುದೇ ಎಂದು ಕೇಳಿದರು.

ಆ ಮಾತಿಗೆ ಅತ್ತೆ ಎದ್ದು ನಿಂತರು. "ಬೇವು ಕಹಿ ಐತೆ ಅಂದವ್ನೆ ನನ್ ಮಗ. ನಿಮ್ ಓದಿಗೆ ಇವನೇ ಬೇಕಾ ಸಾಮಿ?"

"ಓದಿಗೆ ಬ್ಯಾಡ ಅಂದ್ರೆ ಬಿಡ್ರಿ ಅಜ್ಜಿ. ಔಷಧಿ ಹೆಂಗಿದ್ರೂ ಕೊಡ್ತೀನಿ. ಈ ಹಾವಿನ ವಿಷ ನಾಲಿಗೆ ಕೆಡಸಲ್ಲ, ರಕ್ತ ಕೆಡಸ್ತೈತೆ."

"ರಕ್ತ ಯಾರ್ದಾದ್ರೂ ಹರೀತೈತೆ. ನಡಿಯೋ ಊರಿಗೆ."

ತಾತ ಅವ್ವನ ಮಾತು ಮೀರಿದವರಲ್ಲ. ಮಂಚದಿಂದ ಇಳಿದು ಚಪ್ಪಲಿ ಹುಡುಕಿದರು. ನನ್ನ ಕಡೆ ತಿರುಗಿದಾಗ ಅವರ ವಸಡಿನಲ್ಲಿ ರಕ್ತ ಕಂಡಿತು. ಹೀಗೇ ಊರಿಗೆ ಹೋದರೆ ಉಳಿಯುವುದಿಲ್ಲ ಅನ್ನಿಸಿತು. ಅತ್ತೆಯ ಎದುರು ಪರ ಗಂಡಸರ ಹತ್ತಿರ ನಾನು ಅದುವರೆಗೆ ಮಾತಾಡಿದ್ದಿಲ್ಲ.

"ಸಾರ್, ನನ್ ರಕ್ತಾನೂ ಒಂದು ಸೀಸೆಗೆ ಹಿಡೀರಿ. ಅದೂ ಹರೀತೈತಾ, ಅತ್ತೇನೇ ನೋಡ್ಲಿ."

ಡಾಕ್ಟರು ಇಬ್ಬರ ರಕ್ತವನ್ನೂ ಹೊಸದಾಗಿ ಹಿಡಿದು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಆ ಇಪ್ಪತ್ತು ನಿಮಿಷ ಸುಮ್ಮನೆ ಕೂರದೆ ತಾತನಿಗೆ ಗ್ಲೂಕೋಸ್ ಏರಿಸಿ, ಔಷಧಿ ತರಿಸಿಟ್ಟರು. ಅತ್ತೆ ಕಿಟಕಿಯ ಪಕ್ಕ ಕಾವಲು ಕೂತರು.

"ಸೀಸೆ ಗೀಸೆ ಬದಲಾಯ್ಸೀರಿ. ನಾನಿಲ್ಲೇ ಇರ್ತೀನಿ."

"ಇರ್ರಿ ಅಜ್ಜಿ, ನಂಗೂ ಒಬ್ರು ಸಹಾಯಕ್ಕೆ ಬೇಕಾಗಿತ್ತು" ಎಂದರು ಡಾಕ್ಟರು. ಅತ್ತೆ ನಗಲಿಲ್ಲ.

ಹೊತ್ತಾದ ಮೇಲೆ ಡಾಕ್ಟರು ಸೀಸೆಗಳನ್ನು ಅತ್ತೆಯ ಕೈಗೇ ಕೊಟ್ಟರು. ಮನೆಯಲ್ಲಿ ಮೊಸರು ಹೆಪ್ಪಾಗಿದೆಯೋ ಇಲ್ಲವೋ ಎಂದು ಗಡಿಗೆಯನ್ನು ನೋಡುತ್ತಿದ್ದ ಹಾಗೆಯೇ ಅತ್ತೆ ಒಂದೊಂದನ್ನೂ ಮೆಲ್ಲಗೆ ಓರೆ ಮಾಡಿದರು. ನನ್ನ ರಕ್ತ ತಳಕ್ಕೆ ಅಂಟಿಕೊಂಡು ಅಲುಗಲಿಲ್ಲ. ಮಗನದು ಸೀಸೆಯ ಬಾಯಿತನಕ ಹರಿದು ಬಂತು. ಅದನ್ನು ಮತ್ತೊಮ್ಮೆ ಓರೆ ಮಾಡಿದರು.

"ಕೊಡ್ರಿ ಸಾಮಿ ಇಂಜೆಕ್ಷನ್" ಎಂದರು. ನನಗೆ, "ಬಾಯಿ ಐತಲ್ಲೇ ನಿಂಗೆ" ಎಂದರು.

ಔಷಧಿ ಹೋಗುವಾಗ ತಾತನಿಗೆ ಚಳಿ ಬಂದು ಮೈ ನಡುಗಿತು. ಡಾಕ್ಟರು ಪಕ್ಕದಲ್ಲೇ ಇದ್ದು ಸರಿ ಮಾಡಿದರು. ಸಂಜೆ ಸೀಸೆಗೆ ಹಿಡಿದ ರಕ್ತ ಇನ್ನೂ ಹರಿಯಿತು, ಮತ್ತೆ ಔಷಧಿ ಕೊಟ್ಟರು. ಮರುದಿನ ಬೆಳಿಗ್ಗೆಯದು ಗಟ್ಟಿಯಾಗಿತ್ತು. ಬೆರಳು ಮಾತ್ರ ಸೆಟೆದುಕೊಂಡೇ ಉಳಿಯಿತು.

ಹೊರಡುವ ಮುಂಚೆ ತಾತ ತಾವಾಗಿಯೇ ಸಂಶೋಧನೆಗೆ ಒಪ್ಪಿ ಎಡಗೈಯಲ್ಲಿ ಸಹಿ ಮಾಡಿದರು. "ಬೇವು ಕಹಿ ಇತ್ತು ಅಂತ ಬರ್ಕಳ್ರಿ, ಮರೀಬ್ಯಾಡ್ರಿ" ಎಂದು ಅತ್ತೆ ಹೇಳಿದರು. ಅದೇ ಬೇಕಾಗಿತ್ತು, ಬೇವು ನಂಬಿ ತಡವಾಗಿ ಬರುವವರೇ ಹೆಚ್ಚು ಎಂದರು ಡಾಕ್ಟರು.

ಆಮೇಲೆ ಊರಲ್ಲಿ ಯಾರಿಗೆ ಹಾವು ಕಚ್ಚಿದರೂ ಅತ್ತೆ ಬೇವಿನೆಲೆ ಹಿಡಿದು ಬರುವುದನ್ನು ಬಿಡಲಿಲ್ಲ. ಆದರೆ ಕಚ್ಚಿಸಿಕೊಂಡವರು ಟೆಂಪೊ ಹತ್ತಿದ ಮೇಲೆಯೇ ಕೊಡುತ್ತಿದ್ದರು.

"ದಾರೀಲಿ ಅಗೀಲಿ" ಎನ್ನುತ್ತಿದ್ದರು.